ಫೋನ್‌ನಲ್ಲಿ ಕಂಡ ಬಣ್ಣ ಗೋಡೆ ಮೇಲೆ ಯಾಕೆ ಬೇರೆ ಆಗುತ್ತೆ?

ಇವತ್ತಿನ ಕಂತು ಶುರುವಾಗೋದು ನನ್ನದೇ ಒಂದು ತಪ್ಪಿನಿಂದ.

ಶಿರಸಿ ತಾಲ್ಲೂಕಿನ ಇಸಳೂರಿನಲ್ಲಿ ನಮ್ಮ ಮನೆ. ಕಳೆದ ವರ್ಷ ಬೇಸಿಗೆಯಲ್ಲಿ ಅಜ್ಜಿಯ ಕೋಣೆಗೆ ಬಣ್ಣ ಹೊಡೆಸಬೇಕು ಅಂತ ಆಯಿ ಹೇಳಿದಳು. ನಾನು ಬೆಂಗಳೂರಿನಲ್ಲಿದ್ದೆ. ಕೋಣೆಯ ಫೋಟೋ ತರಿಸಿಕೊಂಡು ಒಂದು ಆ್ಯಪ್‌ಗೆ ಹಾಕಿ, ಗೋಡೆ ಮೇಲೆ ಬೆರಳು ಒತ್ತಿ ಬಣ್ಣ ಬದಲಾಯಿಸ್ತಾ ಕೂತೆ. ತೆಳು ನೀಲಿ ಛಾಯೆಯ ಒಂದು ಗ್ರೇ ಸೂಪರ್ ಆಗಿ ಕಂಡಿತು. ಬಾಗಿಲಿನ ಚೌಕಟ್ಟಿಗೂ ಅದೇ ಗೋತ್ರದ ಗ್ರೇ. ಶೇಡ್ ನಂಬರ್ ಕಳಿಸಿದೆ, ಮೇ ತಿಂಗಳಲ್ಲಿ ಕೆಲಸ ಮುಗೀತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಊರಿಗೆ ಹೋದೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಇದೆಂತ ತಮಾ, ಮಳೆ ಮೋಡ ಒಳಗೇ ಬಂದು ಕೂತ್ಕಂಡಾಂಗೆ ಆಜಲಾ." ನಾನು ನಕ್ಕೆ. ಅವತ್ತೇ ಸಂಜೆ ನಾಲ್ಕೂವರೆಗೆ, ಕರೆಂಟು ಹೋಗಿ ಬಂದ ಹೊತ್ತಿನಲ್ಲಿ, ಅಜ್ಜಿ ಅಂಗೈಯಿಂದ ಗೋಡೆ ಸವರ್ತಾ ಸ್ವಿಚ್ ಹುಡುಕ್ತಾ ಇದ್ದಳು. ಕಾಲು ಹೊಸ್ತಿಲಿಗೆ ತಾಗಿತು. ಬೀಳಲಿಲ್ಲ, ಚೌಕಟ್ಟು ಕೈಗೆ ಸಿಕ್ಕಿತು. ಅವಳಿಗೆ 82 ವರ್ಷ. ಆಮೇಲೆ ನನಗೆ ನಗು ಬರಲಿಲ್ಲ.

ಹಾಗಾದ್ರೆ ತಪ್ಪಾಗಿದ್ದು ಎಲ್ಲಿ? ಆ ಗ್ರೇ ಕೆಟ್ಟ ಬಣ್ಣ ಏನಲ್ಲ. ಬೆಂಗಳೂರಿನ ಎಂಟನೇ ಮಹಡಿಯ ಫ್ಲ್ಯಾಟ್‌ನಲ್ಲಿ ಚೆನ್ನಾಗಿಯೇ ಕಾಣುತ್ತೆ. ನಮ್ಮ ಕಡೆಯ ಕೋಣೆಗಳು ಹಾಗಿಲ್ಲ. ಮಳೆ ಒಳಗೆ ಹೊಡೀಬಾರದು ಅಂತ ಮಾಡಿನ ಸೂರು ಕೆಳಗೆ ಇಳಿದಿರುತ್ತೆ, ಕಿಟಕಿ ಒಂದೇ, ಅದರಾಚೆ ಅಡಿಕೆ ತೋಟ. ಒಳಗೆ ಬರೋ ಬೆಳಕು ಎಲೆಗಳಿಗೆ ತಾಗಿ ಬರೋದ್ರಿಂದ ಅದು ಬಿಳಿ ಬೆಳಕಲ್ಲ, ಸ್ವಲ್ಪ ಹಸಿರು ಬೆಳಕು. ನೀಲಿ ಗ್ರೇ ಮೇಲೆ ಅದು ಬಿದ್ದಾಗ ಗೋಡೆ ಮಾಸಲಾಗಿ ಕಾಣುತ್ತೆ.

ಇಲ್ಲಿ ಒಂದು ಸಂಖ್ಯೆ ಗೊತ್ತಿದ್ರೆ ಒಳ್ಳೇದು: ಎಲ್‌ಆರ್‌ವಿ. ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ವಾಪಸ್ ಕೊಡುತ್ತೆ ಅನ್ನೋ ಲೆಕ್ಕ ಇದು, 0ಯಿಂದ 100ರವರೆಗೆ. ಅಚ್ಚ ಬಿಳಿ 80ರ ಮೇಲೆ ಇರುತ್ತೆ, ಕಪ್ಪು 5ರ ಆಸುಪಾಸು. ಕೆಲವು ಕಂಪನಿಗಳು ಇದನ್ನ ಶೇಡ್ ಕಾರ್ಡ್‌ನಲ್ಲೋ ವೆಬ್‌ಸೈಟ್‌ನಲ್ಲೋ ಕೊಡ್ತಾರೆ. ನಾನು ಆರಿಸಿದ್ದು ಸುಮಾರು 40. ಅಂದ್ರೆ ಮೊದಲೇ ಬೆಳಕು ಕಡಿಮೆ ಇರೋ ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಗೋಡೆಯೇ ನುಂಗ್ತಾ ಇತ್ತು.

ಇನ್ನು ಕಣ್ಣಿನ ವಿಷಯ, ನಾನು ಯೋಚನೆಯೇ ಮಾಡದೆ ಇದ್ದದ್ದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತೆ, ಪಾಪೆ ಕಿರಿದಾಗುತ್ತೆ. 20ರ ಕಣ್ಣಿಗೆ ಹೋಲಿಸಿದ್ರೆ 60ರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಸುಮಾರು ಮೂರನೇ ಒಂದು ಭಾಗ. ನೀಲಿ ಛಾಯೆಗಳು ಮಂಕಾಗ್ತವೆ. ಗ್ರೇ ಗೋಡೆ, ಗ್ರೇ ಚೌಕಟ್ಟು, ಬೂದು ಬೆಳಕು: ನನಗೆ ಇದು "ಕ್ಲಾಸಿ", ಅಜ್ಜಿಗೆ ಎಲ್ಲಾ ಒಂದೇ.

ಫೋನ್ ಯಾಕೆ ಮೋಸ ಮಾಡಿತು? ಪರದೆ ತಾನೇ ಬೆಳಕು ಬಿಡುತ್ತೆ, ಗೋಡೆ ಬಿದ್ದ ಬೆಳಕನ್ನ ಮಾತ್ರ ವಾಪಸ್ ಕೊಡುತ್ತೆ. ಅದೂ ಅಲ್ಲದೆ ಫೋನ್ ಕ್ಯಾಮೆರಾ ಫೋಟೋ ತೆಗೆಯುವಾಗಲೇ ಬಿಳಿ ಬಣ್ಣವನ್ನು ತಾನೇ ಸರಿಪಡಿಸಿ, ಕತ್ತಲೆಯನ್ನ ಎತ್ತಿ ತೋರಿಸುತ್ತೆ. ಆಯಿ ಕಳಿಸಿದ ಫೋಟೋದಲ್ಲಿ ಕೋಣೆ ನಿಜಕ್ಕಿಂತ ಬೆಳಗಿತ್ತು. ವಾಟ್ಸ್‌ಆ್ಯಪ್ ಫೋಟೋ ನೋಡಿ ಸೋಫಾ ತಗೊಳ್ಳಿ ಬೇಕಾದ್ರೆ, ಗೋಡೆ ಬಣ್ಣ ಬೇಡ.

ಎರಡನೇ ಸಲ ಹೀಗೆ ಮಾಡಿದೆ. ಮೂರು ಬಣ್ಣದ ಚಿಕ್ಕ ಸ್ಯಾಂಪಲ್ ಡಬ್ಬ ತಂದು, ಮೂರು ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ಮೇಲೆ ಎರಡೆರಡು ಕೋಟ್ ಹೊಡೆದೆ. ಸುತ್ತ ಎರಡು ಇಂಚು ಬಿಳಿ ಅಂಚು ಬಿಟ್ಟೆ. ಗೋಡೆ ಮೇಲೇ ಹಚ್ಚಿದ್ರೆ ಆಗಲ್ವಾ ಅಂತ ಕೇಳ್ತೀರಿ. ಹಳೇ ಬಣ್ಣದ ಪಕ್ಕದಲ್ಲಿ ಹೊಸದು ಬೇರೆಯೇ ಕಾಣುತ್ತೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೆಲ್ 1839ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ದ. ಗೋಬ್ಲೆನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ನೂಲಿನ ಬಣ್ಣ ಮಂಕು ಅಂತ ದೂರು ಬಂದಾಗ, ಬಣ್ಣ ಹಾಕೋದ್ರಲ್ಲಿ ತಪ್ಪಿಲ್ಲ, ಪಕ್ಕದ ನೂಲಿನಿಂದ ಹಾಗೆ ಕಾಣ್ತಿದೆ ಅಂತ ಕಂಡುಕೊಂಡವನು ಅವನು.

ಶೀಟ್ ಒಣಗಿದ ಮೇಲೆ, ಯಾಕಂದ್ರೆ ಎಮಲ್ಶನ್ ಒಣಗಿದಾಗ ಸ್ವಲ್ಪ ಗಾಢ ಆಗುತ್ತೆ, ಕಿಟಕಿಯ ಪಕ್ಕದ ಗೋಡೆಗೂ ಎದುರಿನ ಗೋಡೆಗೂ ಅಂಟಿಸಿ ನೋಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಆಮೇಲೆ ಬಲ್ಬ್ ಹಾಕಿ. ಬಲ್ಬ್ ಮರೀಬೇಡಿ. ಅಜ್ಜಿ ಕೋಣೆಯಲ್ಲಿದ್ದದ್ದು 6500 ಕೆಲ್ವಿನ್‌ನ ತಣ್ಣನೆ ಬಿಳಿ ಎಲ್‌ಇಡಿ. ಅದನ್ನ 3000 ಕೆಲ್ವಿನ್‌ಗೆ ಬದಲಾಯಿಸಿದಾಗ ಕೆನೆ ಬಣ್ಣದ ಶೀಟ್ ಬೆಚ್ಚಗಾಯಿತು, ತೆಳು ಹಸಿರು ಮಾತ್ರ ಕೊಳೆ ನೀರಿನ ಹಾಗೆ ಕಂಡಿತು. ಹಸಿರನ್ನ ಅಲ್ಲೇ ಬಿಟ್ಟೆ. ಹೊರಗೆ ಇರೋ ಹಸಿರು ಸಾಕು.

ಬಿಳಿ ಶೀಟ್ ಕೂಡ ಇತ್ತು. ನಿಜ ಹೇಳ್ಬೇಕು ಅಂದ್ರೆ ನಮ್ಮೂರಿಗೆ ಹಳೇ ಸುಣ್ಣದಷ್ಟು ಹೊಂದುವ ಬಿಳಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತೆ, ಗೋಡೆಯ ಪಸೆಯನ್ನ ಹೊರಗೆ ಬಿಡುತ್ತೆ, ಕ್ಷಾರ ಇರೋದ್ರಿಂದ ಬೂಸ್ಟು ಬೇಗ ಹಿಡಿಯಲ್ಲ. ಆದರೆ ಒರಗಿದ್ರೆ ಬೆನ್ನಿಗೆ ಅಂಟುತ್ತೆ, ಆಗಾಗ ಬಳೀಬೇಕು, ಈಗಾಗಲೇ ಎಮಲ್ಶನ್ ಹೊಡೆದ ಗೋಡೆ ಮೇಲೆ ನಿಲ್ಲೋದೂ ಇಲ್ಲ. ಹಾಗಾಗಿ ಬಿಟ್ಟುಕೊಡಬೇಕಾಯಿತು.

ಉತ್ತರ ಸಿಕ್ಕಿದ್ದು ಶಿರಸಿ ಪೇಟೆಯಲ್ಲಿ. ಮಾರಿಕಾಂಬೆ ದೇವಸ್ಥಾನದ ಕಾವಿ ಚಿತ್ರಗಳನ್ನ ಸಣ್ಣವನಿದ್ದಾಗಿಂದ ನೋಡಿದ್ದೇನೆ. ಬಿಳಿ ಸುಣ್ಣ, ಕೆಂಪು ಕಾವಿ, ಎರಡೇ ಬಣ್ಣ. ಸಿದ್ದಾಪುರದ ಕಡೆ ದೀವರ ಮನೆಗಳ ಹಸೆ ಚಿತ್ತಾರವೂ ಹಾಗೇ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ. ಮಂದ ಬೆಳಕಿನಲ್ಲೂ ಗೆರೆ ಎದ್ದು ಕಾಣುತ್ತೆ. ನನ್ನ ಗ್ರೇ ಕೋಣೆಯಲ್ಲಿ ಇಲ್ಲದಿದ್ದದ್ದು ಇದೇ ವ್ಯತ್ಯಾಸ.

ಬಣ್ಣಕ್ಕೆ ಮೊದಲು ಪಸೆ ನೋಡಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ನೀರಿನ ಹನಿ ಕಂಡ್ರೆ ಗೋಡೆ ಇನ್ನೂ ಒಣಗಿಲ್ಲ. ಮಳೆಗಾಲ ಕಳೆದ ಕೂಡಲೇ ನಮ್ಮ ಗೋಡೆ ಹೀಗೇ ಇತ್ತು, ಜನವರಿವರೆಗೆ ಕಾದೆವು. ಅಲ್ಲೀವರೆಗೆ ಸ್ವಿಚ್‌ಬೋರ್ಡ್ ಸುತ್ತ ಕೆಂಪು ಟೇಪ್ ಸುತ್ತಿಟ್ಟಿದ್ದೆ.

ಕೋಣೆ 10×12 ಅಡಿ, ಎತ್ತರ 10. ಬಾಗಿಲು, ಕಿಟಕಿ ಕಳೆದ್ರೆ ಸುಮಾರು 380 ಚದರಡಿ ಗೋಡೆ. ಎರಡು ಕೋಟ್‌ಗೆ ಹತ್ತಿರ ಹತ್ತಿರ ಆರು ಲೀಟರ್ ಬೇಕಾಯಿತು. ಮೇಲೆ 75ರ ಎಲ್‌ಆರ್‌ವಿ ಇರೋ ಕೆನೆ ಬಣ್ಣ, ನೆಲದಿಂದ ಮೂರು ಅಡಿ ಕಾವಿ ಕೆಂಪು, ಬಾಗಿಲಿನ ಚೌಕಟ್ಟು ಅದೇ ಕೆಂಪು. ಹೊಸ್ತಿಲ ಅಂಚಿಗೆ ಒಂದು ಬಿಳಿ ಪಟ್ಟಿ. ಬಿಳಿ ಸ್ವಿಚ್‌ಬೋರ್ಡ್ ಕೆನೆ ಗೋಡೆಯಲ್ಲಿ ಮತ್ತೆ ಕಳೆದುಹೋಗುತ್ತೆ ಅಂತ ಪೇಂಟರ್‌ಗೆ ಹೇಳಿ ಅದರ ಸುತ್ತ ಒಂದು ಕೆಂಪು ಚೌಕ ಹಾಕಿಸಿದೆ. ಪೇಂಟರ್ ಮೊದಲು ಒಪ್ಪಲೇ ಇಲ್ಲ, ಚಂದ ಕಾಣಲ್ಲ ಅಂದ.

ಈ ಜೂನ್‌ನಲ್ಲಿ ಮತ್ತೆ ಹೋಗಿದ್ದೆ. ಮಳೆ, ಕರೆಂಟಿಲ್ಲ, ಸಂಜೆ. ಅಜ್ಜಿ ಹಾಸಿಗೆಯಿಂದ ಎದ್ದು ಗೋಡೆ ಮುಟ್ಟದೆ ಬಾಗಿಲಿಗೆ ಬಂದಳು. ಹೆಂಗಿದ್ದು ಅಂತ ಕೇಳಿದೆ. "ಈಗ ಕಾಣ್ತು ತಮಾ," ಅಂದಳು.