ದುರ್ಬೀನು ಶಸ್ತ್ರಕ್ರಿಯೆಯಾದ ಮೇಲಿನ ವಿಶ್ರಾಂತಿ

ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಹೊಕ್ಕುಳಿನ ಬಳಿ ಒಂದು, ಕಿಬ್ಬೊಟ್ಟೆಯಲ್ಲಿ ಎರಡೋ ಮೂರೋ ಸಣ್ಣ ರಂಧ್ರಗಳನ್ನು ಮಾಡಿ ನೆರವೇರಿಸುವ ಲ್ಯಾಪರೊಸ್ಕೋಪಿ ಶಸ್ತ್ರಕ್ರಿಯೆಯು ಇಂದು ಮುಂಬಯಿ, ಪುಣೆಗಳಂಥ ನಗರಗಳ ಆಸ್ಪತ್ರೆಗಳಲ್ಲಿ ನಿತ್ಯದ ಮಾತಾಗಿದೆ. ನೆರೆಯ ಮರಾಠಿಗರು ಇದನ್ನು ದುರ್ಬೀಣ ಶಸ್ತ್ರಕ್ರಿಯೆಯೆನ್ನುತ್ತಾರೆ. ನಾವೂ ಆ ಹೆಸರನ್ನೇ ಹಿಡಿಯೋಣ. ರಂಧ್ರವೊಂದರ ಅಗಲವು ಸಾಮಾನ್ಯವಾಗಿ 5ರಿಂದ 12 ಮಿಲಿಮೀಟರು. ನಿನ್ನೆ ಆಸ್ಪತ್ರೆಗೆ ಹೋದವಳು ನಾಳೆ ನಡೆದುಕೊಂಡೇ ಮನೆಗೆ ಮರಳುವುದನ್ನು ಕಂಡು, ಇದೇನು ಮಹಾ ಶಸ್ತ್ರಕ್ರಿಯೆಯೆಂದು ಮನೆಮಂದಿ ಭಾವಿಸುವುದುಂಟು. ಮೂರನೆಯ ಬೆಳಗ್ಗೆ ನಳ್ಳಿಗೆ ನೀರು ಬಂದಾಗ ಬಾಲ್ದಿಯು ಅವಳ ಕೈಗೇ ಬರುತ್ತದೆ. ಆ ಬಾಲ್ದಿಯನ್ನು ತಡೆಯುವುದೇ ಈ ಲೇಖನದ ಉದ್ದೇಶವಾಗಿದೆ.

ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯಲ್ಲಿ ಗರ್ಭಾಶಯದ ಒಳಪೊರೆಯನ್ನು ಹೋಲುವ ಪೊರೆಯು ಗರ್ಭಾಶಯದ ಹೊರಗೆ ಬೆಳೆಯುತ್ತದೆ: ಅಂಡಾಶಯದ ಮೇಲೆ, ಗರ್ಭಾಶಯದ ಹಿಂಬದಿಯಲ್ಲಿ, ಕೆಲವರಲ್ಲಿ ಕರುಳು, ಮೂತ್ರಕೋಶಗಳ ಮೇಲೂ. ಮುಟ್ಟಿನ ಕಾಲದಲ್ಲಿ ಅದು ಕೆರಳಿ ಅಸಹ್ಯ ವೇದನೆಯನ್ನುಂಟುಮಾಡುತ್ತದೆ. ಕಾಲಕ್ರಮದಲ್ಲಿ ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ವ್ಯಾಧಿಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಣ್ಣಾದ ಮೇಲೆ ಇಷ್ಟು ನೋವು ಇದ್ದದ್ದೇ ಎಂಬ ಹಿರಿಯರ ಮಾತಿನಿಂದಲೇ ಎಷ್ಟೋ ಮಂದಿ ವರ್ಷಗಟ್ಟಲೆ ವೈದ್ಯರಲ್ಲಿಗೆ ಹೋಗುವುದಿಲ್ಲ. ಶಸ್ತ್ರವೈದ್ಯನು ಆ ಪೊರೆಯನ್ನು ಕತ್ತರಿಸಿ ಅಥವಾ ಸುಟ್ಟು ತೆಗೆಯುತ್ತಾನೆ, ಅಂಟಿದ ಅಂಗಗಳನ್ನು ಬಿಡಿಸುತ್ತಾನೆ. ಆದುದರಿಂದ ಚರ್ಮದ ಮೇಲಿನ ರಂಧ್ರವು ಒಳಗಿನ ಗಾಯದ ಅಳತೆಯನ್ನು ಹೇಳಲಾರದು. ಹೊರಗೆ ಒಂದೇ ತೆರನಾದ ಮೂರು ಹೊಲಿಗೆಗಳಿರುವ ಇಬ್ಬರಲ್ಲಿ ಒಬ್ಬಳಿಗೆ ಅರ್ಧ ಗಂಟೆಯ ಕೆಲಸವೂ ಇನ್ನೊಬ್ಬಳಿಗೆ ಹಲವು ಗಂಟೆಗಳ ಕೆಲಸವೂ ಆಗಿರಬಹುದು. ಒಳಗೆ ಏನೇನು ತೆಗೆದರು, ಕರುಳನ್ನು ಮುಟ್ಟಿದರೇ ಎಂಬುದನ್ನು ಮನೆಗೆ ಹೊರಡುವ ಮುನ್ನ ಗಂಡನಾದವನು ಕೇಳಿ ತಿಳಿಯತಕ್ಕದ್ದು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಮೊದಲೆರಡು ಮೂರು ದಿನ ಹೆಗಲು ನೋಯುತ್ತದೆ. ಹೊಟ್ಟೆಯ ಶಸ್ತ್ರಕ್ರಿಯೆಗೆ ಹೆಗಲೇಕೆ ನೋಯಬೇಕೆಂದು ಗಾಬರಿಗೊಳ್ಳುವವರಿದ್ದಾರೆ. ಒಳಗೆ ಕೈಚಳಕಕ್ಕೆ ಸ್ಥಳವಾಗಲೆಂದು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿರುತ್ತಾರೆ. ಉಳಿದ ಅನಿಲವು ವಪೆಯನ್ನು ಕೆರಳಿಸಿದಾಗ, ನರಗಳ ಸಂಬಂಧದಿಂದ, ನೋವು ಹೆಗಲಲ್ಲಿ ಕಾಣಿಸುತ್ತದೆ. ಕೋಣೆಯೊಳಗೆ ಮೆಲ್ಲನೆ ನಡೆದಾಡಿದರೆ ಅದು ಶಮನವಾಗುವುದು. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳದೆ, ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಕೆಮ್ಮು ಬಂದರೆ ದಿಂಬೊಂದನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಚಾಳಿನ ಕೊನೆಯ ಪಾಯಖಾನೆಗೆ ಹೋಗುವಾಗ ಮೊದಲ ದಿನಗಳಲ್ಲಿ ಜೊತೆಗೊಬ್ಬರು ಇರುವುದು ಲೇಸು. ಕೆಲವು ನೋವಿನ ಮಾತ್ರೆಗಳಿಂದ ಮಲಬದ್ಧತೆಯೂ ಉಂಟಾಗುತ್ತದೆ.

ಇಲ್ಲಿ ನಮ್ಮ ಬಾಣಂತಿ ಪಥ್ಯದ ಅಭ್ಯಾಸವು ತೊಂದರೆ ತರುತ್ತದೆ. ಹೊಟ್ಟೆಗೆ ಆಪರೇಶನ್ ಆಯಿತೆಂದೊಡನೆ ನೀರು ಕಡಿಮೆ ಕೊಡುವುದು, ತರಕಾರಿ, ಹಣ್ಣು ಬಿಡಿಸುವುದು, ಬಟ್ಟೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟುವುದು, ಇವಾವುದೂ ಇವಳಿಗೆ ಬೇಕಿಲ್ಲ. ಗಂಜಿ, ಮೆತ್ತಗಿನ ಅನ್ನ, ಸಾರಿನಿಂದ ಆರಂಭಿಸಿ, ವೈದ್ಯರು ಬೇರೆ ಹೇಳದಿದ್ದರೆ, ಹಸಿವಾದಂತೆ ಎಂದಿನ ಊಟಕ್ಕೆ ಬರಬಹುದು. ನೀರನ್ನು ಧಾರಾಳವಾಗಿ ಕುಡಿಯಬೇಕು.

ಇನ್ನು ಬಾಲ್ದಿಯ ಮಾತು. 15 ಲೀಟರಿನ ಬಾಲ್ದಿ ತುಂಬಿದಾಗ 15 ಕಿಲೋಗೂ ಮಿಕ್ಕಿ ತೂಗುತ್ತದೆ. ಮನೆಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ. ಕೆಲವು ವಾರಗಳ ತನಕ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಅವಳು ಎತ್ತಬಾರದು. ಹಟ ಮಾಡುವ ಮಗುವನ್ನೂ ಕುಳಿತೇ ಮಡಿಲಿಗೆ ತೆಗೆದುಕೊಳ್ಳಬೇಕು. ಹೊಟೇಲಿನಲ್ಲಿ ದಿನವಿಡೀ ತಟ್ಟೆ ಹೊತ್ತು ಬಂದವನಿಗೆ ಮನೆಯಲ್ಲಿ ನೀರು ಹೊರುವುದು ಕಷ್ಟವೇ ಸರಿ, ಆದರೆ ಅವನ ಆಯಾಸವು ನಿದ್ದೆಯಿಂದ ಹೋಗುತ್ತದೆ. ದಾಂಪತ್ಯ ಸಂಬಂಧವನ್ನೂ ವೈದ್ಯರು ಅನುಮತಿಸುವವರೆಗೆ ಮುಂದಕ್ಕೆ ಹಾಕತಕ್ಕದ್ದು.

ಕುಳಿತು ಬರೆಯುವ ಕಾರಕೂನಿಯು ಸಾಮಾನ್ಯವಾಗಿ ಎರಡು ವಾರಗಳಲ್ಲಿ ಕೆಲಸಕ್ಕೆ ಮರಳಬಹುದಾದರೂ, ಡೊಂಬಿವಲಿಯಿಂದ ನಿಂತುಕೊಂಡೇ ಲೋಕಲ್ ಗಾಡಿಯಲ್ಲಿ ಬರುವವಳಿಗೆ ಪ್ರಯಾಣವೇ ಒಂದು ದುಡಿಮೆ. ನಿಂತು ದುಡಿಯುವವರಿಗೂ ಆಳವಾದ ಶಸ್ತ್ರಕ್ರಿಯೆಯಾದವರಿಗೂ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಇ.ಎಸ್.ಐ. ವಿಮೆಯುಳ್ಳ ನೌಕರಳು ನಿಯಮದಂತೆ ವಂತಿಗೆ ಸಲ್ಲಿಸಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವೇತನದ ಸೇಕಡಾ 70ರಂತೆ, ವರ್ಷಕ್ಕೆ 91 ದಿನಗಳವರೆಗೆ, ಕಾಯಿಲೆಯ ಭತ್ತೆಯನ್ನು ಪಡೆಯಬಹುದು. ವಿಮೆಯು ಗಂಡನ ಹೆಸರಿನಲ್ಲಿದ್ದರೆ ಹೆಂಡತಿಗೆ ಚಿಕಿತ್ಸೆ ಮಾತ್ರ, ಈ ಭತ್ತೆಯಿಲ್ಲ.

ಆರೈಕೆಗೆಂದು ತವರಿಗೆ ಕಳುಹಿಸುವ ಪದ್ಧತಿಯು ಒಳ್ಳೆಯದೇ. ಆದರೆ ನಾಲ್ಕನೆಯ ದಿನವೇ ಉಡುಪಿಯ ರಾತ್ರಿ ಬಸ್ಸಿಗೆ ಹತ್ತಿಸುವುದು ಸಲ್ಲದು. ಬಸ್ಸಿನ ಕುಲುಕಾಟದ ಮಾತು ಒತ್ತಟ್ಟಿಗಿರಲಿ, ಗಂಟೆಗಟ್ಟಲೆ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟುವ ಅಪಾಯವಿದೆ. ಮೊದಲನೆಯ ಮರುತಪಾಸಣೆಯಾಗಿ ವೈದ್ಯರು ಒಪ್ಪಿದ ಮೇಲೆ ರೈಲಿನಲ್ಲಿ ಕರೆದೊಯ್ಯುವುದು ಉತ್ತಮ. ತವರಿಂದ ಅತ್ತೆಯನ್ನೋ ನಾದಿನಿಯನ್ನೋ ಇಲ್ಲಿಗೇ ಕರೆಸಿಕೊಂಡರೆ ಇನ್ನೂ ಉತ್ತಮ, ಕೋಣೆ ಇಕ್ಕಟ್ಟಾದರೂ ಚಿಂತೆಯಿಲ್ಲ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ಮೂರನೆಯ, ನಾಲ್ಕನೆಯ ದಿನಕ್ಕೆ ಮತ್ತೆ ಏರಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ 100.4 ಡಿಗ್ರಿ ದಾಟಿದರೆ, ಮೂತ್ರ ಕಟ್ಟಿದರೆ, ಗಾಯದಲ್ಲಿ ಕೀವು ಕಂಡರೆ, ರಕ್ತಸ್ರಾವವು ಗಂಟೆಗೊಂದು ಪ್ಯಾಡು ತೋಯಿಸುವಷ್ಟಾದರೆ, ಒಂದು ಮೀನಖಂಡ ಊದಿಕೊಂಡರೆ, ಉಸಿರು ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಕ್ರಿಯೆಯ ವೇಳೆ ಕರುಳಿಗೆ ತಗಲಿದ ಗಾಯವು, ಅಪರೂಪವಾದರೂ, ಕೆಲವು ದಿನಗಳ ಬಳಿಕ ಪ್ರಕಟವಾಗುವುದುಂಟು.

ಅನಂತರದ ಒಂದೆರಡು ಮುಟ್ಟುಗಳು ಮೊದಲಿಗಿಂತ ಹೆಚ್ಚು ನೋಯಬಹುದು. ಅಷ್ಟರಿಂದಲೇ ಶಸ್ತ್ರಕ್ರಿಯೆ ವಿಫಲವಾಯಿತೆಂದು ತಿಳಿಯಬಾರದು. ಆದರೆ ಈ ವ್ಯಾಧಿಗೆ ಮರುಕಳಿಸುವ ಸ್ವಭಾವವಿದೆಯೆಂಬುದೂ ನಿಜ. ಅದನ್ನು ತಡೆಯಲು ಬರೆದುಕೊಟ್ಟ ಹಾರ್ಮೋನು ಮಾತ್ರೆಗಳನ್ನು ನೋವು ನಿಂತಿತೆಂದು ತಾನಾಗಿ ಬಿಡಕೂಡದು. ಇನ್ನು ಮಗು ಯಾವಾಗ ಎಂದು ಮನೆಗೆ ಬಂದ ಮರುವಾರವೇ ಕೇಳುವ ಬಂಧುಗಳಿಗೆ, ವೈದ್ಯರೊಡನೆ ಮಾತನಾಡಿದ್ದೇವೆ ಎಂದು ಗಂಡನೇ ಉತ್ತರಿಸಲಿ. ಶಸ್ತ್ರಕ್ರಿಯೆಯ ವಿವರವನ್ನು ಬರೆದ ಕಾಗದ, ತೆಗೆದ ಪೊರೆಯ ಪರೀಕ್ಷಾ ವರದಿ, ಒಳಗಿನ ಚಿತ್ರಗಳು ಇವುಗಳನ್ನು ಒಂದು ಚೀಲದಲ್ಲಿ ಭದ್ರವಾಗಿಟ್ಟು, ಊರಿಗೆ ಹೋಗುವಾಗಲೂ ಜೊತೆಗೆ ಒಯ್ಯಬೇಕು; ಮುಂದೆ ನೋಡುವ ವೈದ್ಯರಿಗೆ ಅವು ಅಗತ್ಯವಾಗಿ ಬೇಕಾಗುತ್ತವೆ.