ಹಳೇ ಬಜಾರಿಗೆ ಮತ್ತೆ ಮತ್ತೆ ಹೊಸ ಜೀವ

ಸಿಂಗಪುರದ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳ ನಡುವೆ ಎಂಟು ಮೂಲೆಯ ತಗ್ಗಾದ ಕಟ್ಟಡವೊಂದಿದೆ. ಹೆಸರು ‘ಲಾವ್ ಪಾ ಸಾತ್’. ಹೊಕ್ಕಿಯೆನ್ ಚೀನೀಯರ ಮಾತಿನಲ್ಲಿ ‘ಲಾವ್’ ಎಂದರೆ ಹಳೆಯದು. ‘ಪಾ ಸಾತ್’ ಬಂದದ್ದು ಮಲಯ ಭಾಷೆಯ ‘ಪಸಾರ್’ನಿಂದ, ಅದರ ಮೂಲ ಪರ್ಷಿಯನ್ನಿನ ‘ಬಾಜಾರ್’. ನಮ್ಮೂರುಗಳ ಬಜಾರಿಗೂ ಅದೇ ಮೂಲ. ಆದ್ದರಿಂದ ಇದನ್ನು ‘ಹಳೇ ಬಜಾರು’ ಎಂದು ಕರೆಯಲು ಅಡ್ಡಿಯಿಲ್ಲ.

ಮೊದಲು ಇದು ಸಮುದ್ರದಂಚಿನ ಮಾರುಕಟ್ಟೆ. ಎಂಟು ಮೂಲೆಯ ವಿನ್ಯಾಸವನ್ನು 1830ರ ದಶಕದಲ್ಲಿ ಕೊಟ್ಟವನು ವಾಸ್ತುಶಿಲ್ಪಿ ಜಾರ್ಜ್ ಕೋಲ್ಮನ್. ಸಮುದ್ರಕ್ಕೆ ಮಣ್ಣು ತುಂಬಿ ಊರು ಬೆಳೆದಂತೆ ಹಳೆಯ ಕಟ್ಟಡ ಉರುಳಿತು. 1894ರಲ್ಲಿ ನಗರಸಭೆಯ ಎಂಜಿನಿಯರ್ ಜೇಮ್ಸ್ ಮ್ಯಾಕ್‌ರಿಚಿ ಈಗಿನ ಜಾಗದಲ್ಲಿ ಅದೇ ಆಕಾರವನ್ನು ಉಳಿಸಿಕೊಂಡು ಹೊಸದನ್ನು ಕಟ್ಟಿಸಿದ. ಎರಕದ ಕಬ್ಬಿಣದ ಕಂಬ, ಕಮಾನುಗಳೆಲ್ಲ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು.

ಸುತ್ತಲಿನ ಪ್ರದೇಶ ಕಚೇರಿಗಳಿಂದ ತುಂಬಿದ ಮೇಲೆ ಅಲ್ಲಿ ಮೀನು, ತರಕಾರಿ ಕೊಳ್ಳುವವರು ಯಾರು? ಅತ್ತ ಬೀದಿಬದಿಯ ತಿಂಡಿ ಗಾಡಿಗಳನ್ನು ನಲ್ಲಿ, ಚರಂಡಿಗಳಿರುವ ಕಟ್ಟಡಗಳಿಗೆ ಸಾಗಿಸುವ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತ್ತು. ಹೀಗಾಗಿ 1973ರಲ್ಲಿ ಮಾರುಕಟ್ಟೆ ಊಟದ ಅಂಗಡಿಗಳ ಸಂಕೀರ್ಣವಾಯಿತು. ಅದೇ ವರ್ಷ ರಾಷ್ಟ್ರೀಯ ಸ್ಮಾರಕವೆಂಬ ಮಾನ್ಯತೆಯೂ ಸಿಕ್ಕಿತು.

ಆ ಮಾನ್ಯತೆ ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು 1986ರಲ್ಲಿ. ಹತ್ತಿರದಲ್ಲೇ ನೆಲದಡಿಯ ರೈಲಿಗೆ ಸುರಂಗ ಕೊರೆಯಬೇಕಿತ್ತು. ಎರಕದ ಕಬ್ಬಿಣ ಭಾರ ಹೊರುವುದರಲ್ಲಿ ಗಟ್ಟಿಯಾದರೂ ಬಾಗದು. ನೆಲ ಕುಸಿದರೆ, ಅದುರಿದರೆ ಬಿರುಕು ಬಿಡುತ್ತದೆ. ಕೆಡವಿ ಹೊಸದು ಕಟ್ಟುವುದು ಸುಲಭವಿತ್ತು. ಹಾಗೆ ಮಾಡದೆ, ಕಬ್ಬಿಣದ ಚೌಕಟ್ಟನ್ನು ಬಿಡಿಬಿಡಿಯಾಗಿ ಬಿಚ್ಚಿ ಜೋಪಾನವಾಗಿಟ್ಟರು. ಸುರಂಗದ ಕೆಲಸ ಮುಗಿದ ನಂತರ ಅದೇ ಜಾಗದಲ್ಲಿ ಮತ್ತೆ ಜೋಡಿಸಿದರು. ನಮ್ಮ ಹಳ್ಳಿಗಳಲ್ಲಿ ತೊಟ್ಟಿಮನೆಯ ಕಂಬ, ತೊಲೆಗಳನ್ನು ಬಿಚ್ಚಿ ಬೇರೆಡೆ ಕಟ್ಟುವುದನ್ನು ಕಂಡವರಿಗೆ ಇದು ತೀರ ಹೊಸತೆನಿಸದು.

1990ರ ದಶಕದ ಆರಂಭದಲ್ಲಿ ಅದು ‘ಉತ್ಸವದ ಮಾರುಕಟ್ಟೆ’ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. 2013-14ರಲ್ಲಿ ಮತ್ತೊಮ್ಮೆ ನವೀಕರಣ. ಈ ನವೀಕರಣಗಳಲ್ಲಿ ಖಾಸಗಿ ಬಂಡವಾಳವೂ ಬಂತು. ಸರ್ಕಾರದ ಒಡೆತನದ ಬಡಾವಣೆಯ ಊಟದ ಕೇಂದ್ರಗಳಿಗೆ ಹೋಲಿಸಿದರೆ ಇಲ್ಲಿ ತಟ್ಟೆಯ ಬೆಲೆ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚು. ಕಂಬಕ್ಕೆ ಬಣ್ಣ ಹೊಡೆದ ಖರ್ಚು ಕೊನೆಗೆ ಯಾರ ಜೇಬಿನಿಂದ ಹೋಗಬೇಕು ಎಂಬ ಪ್ರಶ್ನೆ ನವೀಕರಣದ ಬೆನ್ನಿಗೇ ಬರುತ್ತದೆ. ಕಟ್ಟಡ ಉಳಿಸಿ ಗಿರಾಕಿಯನ್ನು ಕಳೆದುಕೊಂಡರೆ ಉಳಿಯುವುದು ಬರಿಯ ವಸ್ತುಸಂಗ್ರಹಾಲಯ.

ಇಲ್ಲಿ ಹಾಗಾಗದಿರಲು ಮುಖ್ಯ ಕಾರಣ, ಬಾಗಿಲುಗಳಿಲ್ಲದ ಈ ಕಟ್ಟಡ ನಾಲ್ಕೂ ಕಡೆಯಿಂದ ರಸ್ತೆಗೆ ತೆರೆದುಕೊಂಡಿರುವುದು. ಸಂಜೆಯಾದರೆ ಪಕ್ಕದ ಬೂನ್ ಟಾಟ್ ಬೀದಿಗೆ ವಾಹನಗಳನ್ನು ಬಿಡುವುದಿಲ್ಲ. ನಡುರಸ್ತೆಯಲ್ಲೇ ಮೇಜು, ಕುರ್ಚಿ. ಪಕ್ಕದಲ್ಲಿ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸದ ‘ಸಾತೆ’, ಜೊತೆಗೆ ಕಡಲೆಕಾಯಿಯ ಗೊಜ್ಜು. ನೈರ್ಮಲ್ಯದ ಹೆಸರಿನಲ್ಲಿ ಬೀದಿಯಿಂದ ಎಬ್ಬಿಸಿದ್ದ ಅಡುಗೆಯೇ ಹೀಗೆ ಬೀದಿಗೆ ಮರಳಿದ್ದು ತಮಾಷೆಯ ಸಂಗತಿ. ಸಿಂಗಪುರದ ಈ ಊಟದ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆಯಿತು.

ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಅಲ್ಲಿಯ ಗುಮಾಸ್ತರು ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರೆ. ಕಿಟಕಿಯಿಂದ ಟವೆಲ್ ಹಾಕಿ ಬಸ್ಸಿನ ಸೀಟು ಹಿಡಿಯುವ ನಮ್ಮವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.