ವರದಾ ದಂಡೆಯ ಬನವಾಸಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದರೆ ಮಲೆನಾಡು. ಇಲ್ಲಿ ಮಳೆ ಜೋರು. ಈ ಮಳೆ ನೀರೆಲ್ಲ ಎಲ್ಲಿಗೆ ಹೋಗುತ್ತದೆ?

ಅಘನಾಶಿನಿ ಹೊಳೆ ಶಿರಸಿ ಸೀಮೆಯಲ್ಲಿ ಹುಟ್ಟುತ್ತದೆ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕುತ್ತದೆ. ಕುಮಟಾ ಹತ್ತಿರ ಸಮುದ್ರ ಸೇರುತ್ತದೆ. ಯಲ್ಲಾಪುರದ ಬೇಡ್ತಿ ಹೊಳೆಯೂ ಘಟ್ಟ ಇಳಿದು ಪಶ್ಚಿಮಕ್ಕೇ ಹೋಗುತ್ತದೆ.

ವರದಾ ಹೊಳೆಯ ದಾರಿಯೇ ಬೇರೆ. ಅದು ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟುತ್ತದೆ. ಶಿರಸಿ ತಾಲೂಕಿನ ಅಂಚಿಗೆ ಬಂದು, ಬಯಲುಸೀಮೆಗೆ ಹೊರಳುತ್ತದೆ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಅದರ ನೀರು ಕೊನೆಗೆ ಮುಟ್ಟುವುದು ಪೂರ್ವದ ಸಮುದ್ರವನ್ನು.

ಈ ವರದಾ ದಂಡೆಯಲ್ಲೇ ಬನವಾಸಿ ಇದೆ. ಶಿರಸಿಯಿಂದ ಸುಮಾರು 23 ಕಿಲೋಮೀಟರ್ ದೂರ. ಈಗ ಅದು ಚಿಕ್ಕ ಊರು. ಸುತ್ತ ಭತ್ತದ ಗದ್ದೆ, ಅಡಿಕೆ ತೋಟ, ಅನಾನಸ್ ಬೆಳೆ. ಆದರೆ ಹಿಂದೆ ಅದು ರಾಜಧಾನಿ! ಈ ಚಿಕ್ಕ ಊರು ರಾಜಧಾನಿ ಆದದ್ದು ಹೇಗೆ?

ಊರಿನ ಜಾಗ ನೋಡಿ. ಮೂರು ಕಡೆ ಹೊಳೆ ಸುತ್ತಿಕೊಂಡಿದೆ. ಶತ್ರುಗಳು ಸುಲಭವಾಗಿ ಒಳಗೆ ಬರುವಂತಿಲ್ಲ. ಬೆಳೆಗೆ ನೀರಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಬಯಲು. ಎರಡು ಸೀಮೆ ಕೂಡುವ ಜಾಗ ಇದು. ಇಂಥ ಕಡೆ ಊರು ಬೆಳೆಯದೆ ಇರುತ್ತದೆಯೇ?

ಬನವಾಸಿ ಬಹಳ ಹಳೆಯ ಊರು. ಶ್ರೀಲಂಕೆಯ ಮಹಾವಂಶ ಎಂಬ ಗ್ರಂಥದಲ್ಲಿ ಇದರ ಹೆಸರಿದೆ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಬೌದ್ಧ ಭಿಕ್ಷು ಇಲ್ಲಿಗೆ ಬಂದನೆಂದು ಅದು ಹೇಳುತ್ತದೆ.

ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಹೋದರೆ ಐದು ಹೆಡೆಯ ನಾಗರ ಕಲ್ಲು ಕಾಣುತ್ತದೆ. ಅದರ ಮೇಲೆ ಅಕ್ಷರ ಇವೆ. ಸುಮಾರು 1,700 ವರ್ಷಕ್ಕೂ ಹಳೆಯವು. ಭಾಷೆ ಪ್ರಾಕೃತ. ಒಬ್ಬ ರಾಜಕುಮಾರಿ ನಾಗನನ್ನು ಮಾಡಿಸಿದಳು, ಕೆರೆ ಕಟ್ಟಿಸಿದಳು, ಬೌದ್ಧ ವಿಹಾರ ಕಟ್ಟಿಸಿದಳು ಎಂದು ಬರೆದಿದೆ. ಕಲ್ಲು ಕೆತ್ತಿದವನ ಹೆಸರೂ ಇದೆ. ಅವನು ನಟಕ. ಕೂಲಿ ಮಾಡಿದವರ ಹೆಸರು ಉಳಿಯುವುದು ಅಪರೂಪ. ಅಕ್ಷರ ಇದ್ದದ್ದಕ್ಕೆ ನಟಕನ ಹೆಸರು ಇವತ್ತಿಗೂ ಉಳಿದಿದೆ.

ಆಮೇಲೆ ಬಂದವನು ಮಯೂರಶರ್ಮ. ಅವನ ಕಥೆ ಶಿಕಾರಿಪುರ ತಾಲೂಕಿನ ತಾಳಗುಂದದ ಕಲ್ಲಿನ ಕಂಬದಲ್ಲಿದೆ. ಅವನು ಓದಲಿಕ್ಕೆಂದು ಕಂಚಿಗೆ ಹೋದ. ಜೊತೆಗೆ ಅವನ ಗುರು ವೀರಶರ್ಮ ಇದ್ದ. ಅಲ್ಲಿ ಪಲ್ಲವ ರಾಜನ ಕುದುರೆ ಸವಾರನ ಜೊತೆ ಜಗಳ ಆಯಿತು. ಮಯೂರಶರ್ಮನಿಗೆ ಅವಮಾನ ಆಯಿತು. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಪಲ್ಲವರನ್ನೇ ಎದುರಿಸಿದ. ಸುಮಾರು 345ರಲ್ಲಿ ಕದಂಬ ರಾಜ್ಯ ಕಟ್ಟಿದ. ಬನವಾಸಿ ಅದರ ರಾಜಧಾನಿ ಆಯಿತು.

ಕದಂಬರ ಕಾಲದಲ್ಲೇ ಕನ್ನಡ ಕಲ್ಲಿನ ಮೇಲೆ ಬಂತು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು 450ರದ್ದು. ಕನ್ನಡದ ಬಹಳ ಹಳೆಯ ಶಾಸನಗಳಲ್ಲಿ ಅದೂ ಒಂದು. ಅದರಲ್ಲಿ ಕದಂಬ ರಾಜ ಕಾಕುಸ್ಥನ ಹೆಸರಿದೆ. ನಾವು ಈಗ ಕಲಿಯುವ ಅ, ಆ, ಇ, ಈ ಅಂಥ ಹಳೆಯ ಅಕ್ಷರಗಳಿಂದಲೇ ಬೆಳೆದು ಬಂದವು.

ಮುಂದೆ ಬಾದಾಮಿಯ ಇಮ್ಮಡಿ ಪುಲಕೇಶಿ ಬನವಾಸಿಯನ್ನು ಮುತ್ತಿದ. 634ರ ಐಹೊಳೆ ಶಾಸನ ಅದನ್ನು ಹೇಳುತ್ತದೆ. ಯುದ್ಧದ ಮಾತಿನ ನಡುವೆಯೂ ಕವಿ ರವಿಕೀರ್ತಿ ವರದೆಯ ಅಲೆಗಳನ್ನು, ಅಲ್ಲಿ ಆಡುವ ಹಂಸಗಳನ್ನು ಮರೆತಿಲ್ಲ.

ನೋಡಿದಿರಾ? ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೆಚ್ಚಾಗಿ ಕಲ್ಲುಗಳಿಂದ. ನಮ್ಮ ಹಳ್ಳಿಗಳಲ್ಲೂ ಅಂಥ ಕಲ್ಲುಗಳಿವೆ. ಗದ್ದೆ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿ ಹಿಂದೆ ಬಿದ್ದಿರುತ್ತವೆ. ಕೆಲವರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಕೆಲವರು ಒಡೆದು ಪಾಯಕ್ಕೆ ಹಾಕುತ್ತಾರೆ. ಒಡೆದರೆ ಮುಗಿಯಿತು. ಆ ಮಾತು ಮತ್ತೆ ಸಿಗುವುದಿಲ್ಲ.

ಅಕ್ಷರ ಇರುವ ಕಲ್ಲು ಕಂಡರೆ ಏನು ಮಾಡಬೇಕು? ಅದನ್ನು ಕೆರೆಯಬಾರದು. ಸುಣ್ಣ, ಬಣ್ಣ ಬಳಿಯಬಾರದು. ಜಾಗದಿಂದ ಕದಲಿಸಬಾರದು. ಪಂಚಾಯತಿಗೆ ತಿಳಿಸಬೇಕು. ಶಾಲೆಯ ಮಾಸ್ತರಿಗೂ, ಅಕ್ಕೋರಿಗೂ ಹೇಳಬೇಕು. ಹಳೆಯ ಲಿಪಿ ಓದಬಲ್ಲವರು ಬಂದು ಓದುತ್ತಾರೆ.

ಅದರಲ್ಲಿ ನಮ್ಮೂರ ಕೆರೆ ಕಟ್ಟಿಸಿದವರ ಹೆಸರೇ ಇರಬಹುದು, ಯಾರಿಗೆ ಗೊತ್ತು?